ಬೆಳಿಗ್ಗೆ ಆರ್‌ಸಿಬಿ, ಸಂಜೆ ಬೇರ್ಸ್

2024ರ ಏಪ್ರಿಲ್ 25, ಗುರುವಾರ. ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಪ್‌ಟಾಪಿನಲ್ಲಿ ಆಫೀಸಿನ ಮೀಟಿಂಗು, ಅದರ ಪಕ್ಕದಲ್ಲಿ ಫೋನಿನಲ್ಲಿ ಹೈದರಾಬಾದಿನ ಮ್ಯಾಚು. ಸತತ ಆರು ಸೋತು ಕೂತಿತ್ತು ಆರ್‌ಸಿಬಿ. ಆವತ್ತು ರಜತ್ ಪಾಟೀದಾರ್ 19 ಎಸೆತಕ್ಕೆ ಅರ್ಧ ಶತಕ ಬಾರಿಸಿದಾಗ, ನನ್ನ ಮೈಕ್ ಮ್ಯೂಟ್ ಆಗಿದೆಯಾ ಅಂತ ಎರಡೆರಡು ಸಲ ನೋಡಿಕೊಂಡೆ. ಊಟದ ಹೊತ್ತಿಗೆ 35 ರನ್‌ಗಳಿಂದ ಗೆದ್ದೆವು. ಗೆದ್ದಾಗ ‘ಗೆದ್ದೆವು’, ಸೋತಾಗ ‘ಸೋತರು’. ಇದು ದಾವಣಗೆರೆಯಲ್ಲೂ ಅಷ್ಟೇ, ಶಿಕಾಗೋದಲ್ಲೂ ಅಷ್ಟೇ.

ಸಂಜೆಗೆ ಇನ್ನೊಂದು ತಂಡ ಕಾಯುತ್ತಿತ್ತು. ನಾವಿರುವುದು ಶಿಕಾಗೋ ಪಕ್ಕದ ನೇಪರ್ವಿಲ್‌ನಲ್ಲಿ. ಇಲ್ಲಿಗೆ ಬಂದ ಮೊದಲ ನಾಲ್ಕೈದು ವರ್ಷ ಅಮೆರಿಕನ್ ಫುಟ್‌ಬಾಲ್ ನನಗೆ ತಲೆಬುಡ ಅರ್ಥವಾಗಿರಲಿಲ್ಲ. ಹತ್ತು ಸೆಕೆಂಡ್ ಕುಸ್ತಿ, ಅರ್ಧ ನಿಮಿಷ ಸಭೆ, ಮತ್ತೆ ಕುಸ್ತಿ. ಕಲಿಸಿದವರು ಪಕ್ಕದ ಮನೆಯ ಹಿರಿಯರು. ನನ್ನ ಮಗ ಅವರನ್ನು ‘ಅಜ್ಜ’ ಅಂತಲೇ ಕರೆಯುತ್ತಾನೆ. ಅಜ್ಜ ಅಂದರೆ ಏನೆಂದು ಕೇಳಿ ತಿಳಿದುಕೊಂಡ ಮೇಲೆ, ಅವರೂ ಬಾಗಿಲು ತಟ್ಟಿ ‘ಅಜ್ಜ ಬಂದಿದ್ದಾನೆ’ ಅನ್ನುತ್ತಾರೆ. ಇಲ್ಲಿನ ಫುಟ್‌ಬಾಲ್ ತಂಡ ಶಿಕಾಗೋ ಬೇರ್ಸ್ 1986ರ ಜನವರಿಯಲ್ಲಿ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದಾಗ ಅವರಿಗೆ ಕಾಲೇಜು ವಯಸ್ಸು. ಆಮೇಲೆ ಇನ್ನೊಂದು ಗೆದ್ದಿಲ್ಲ. ಆ ಒಂದೇ ಒಂದು ಕಪ್ಪನ್ನು ನೆನೆದುಕೊಂಡು ಬದುಕುವ ಮನುಷ್ಯನಿಗೆ, ಆಗಿನ್ನೂ ಒಂದೂ ಇಲ್ಲದಿದ್ದ ಆರ್‌ಸಿಬಿಯವನ ಕಷ್ಟ ವಿವರಿಸಲು ಜಾಸ್ತಿ ಹೊತ್ತು ಬೇಕಾಗಲಿಲ್ಲ.

ಆವತ್ತು ಡೆಟ್ರಾಯಿಟ್‌ನಲ್ಲಿ ಈ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟಿನ ಮೊದಲ ಸುತ್ತು. ನಮ್ಮ ಐಪಿಎಲ್ ಹರಾಜಿನ ಹಾಗೆ ಇಲ್ಲಿ ಯಾರೂ ದುಡ್ಡು ಕೂಗುವುದಿಲ್ಲ. ಕಾಲೇಜು ಆಟ ಮುಗಿಸಿ ಬರುವ ಹುಡುಗರನ್ನು 32 ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದವರಿಗೆ ಮೊದಲ ಸರದಿ. ಆ ಸರದಿಯನ್ನು ಮಾರಬಹುದು, ಮುಂದಿನ ವರ್ಷದ್ದನ್ನೂ ಈಗಲೇ ಅಡವಿಡಬಹುದು. ಬೇರ್ಸ್ 2023ರಲ್ಲಿ ಮೊದಲ ಸರದಿಯನ್ನು ಕ್ಯಾರೊಲೈನಾ ತಂಡಕ್ಕೆ ಕೊಟ್ಟು, ಡಿ.ಜೆ. ಮೂರ್ ಎಂಬ ರಿಸೀವರ್‌ನನ್ನೂ (ಎಸೆದ ಚೆಂಡು ಹಿಡಿಯುವವನು) ಒಂದಷ್ಟು ಪಿಕ್‌ಗಳನ್ನೂ, ಅಂದರೆ ಸರದಿಗಳನ್ನೂ, ಪಡೆದಿತ್ತು. ಆ ಪಿಕ್‌ಗಳಲ್ಲಿ ಒಂದು, ಕ್ಯಾರೊಲೈನಾದ 2024ರ ಮೊದಲ ಸುತ್ತಿನದು. ಪಾಪ, ಕ್ಯಾರೊಲೈನಾ ಆ ವರ್ಷ ಗೆದ್ದಿದ್ದು ಬರೀ ಎರಡು ಪಂದ್ಯ. ಅವರ ಸೋಲೆಲ್ಲ ನಮಗೆ ಬಡ್ಡಿಯಾಗಿ ಬಂದು, ಮತ್ತೆ ಒಂದನೇ ಸರದಿ ನಮ್ಮ ಮಡಿಲಿಗೇ ಬಿತ್ತು.

ಖುಷಿ ಪಡಬೇಕಾದ ವಿಷಯ, ಅಲ್ವಾ? ನಮ್ಮನೆಯಲ್ಲಿ ಮಾತ್ರ ಅದು ಜಗಳವಾಯಿತು.

ಕಾರಣ ಜಸ್ಟಿನ್ ಫೀಲ್ಡ್ಸ್. ಬೇರ್ಸ್‌ನ ಆಗಿನ ಕ್ವಾರ್ಟರ್‌ಬ್ಯಾಕ್. ಕ್ವಾರ್ಟರ್‌ಬ್ಯಾಕ್ ಅಂದರೆ ಕ್ರಿಕೆಟ್ಟಿನಲ್ಲಿ ಸರಿಸಮಾನ ಯಾರೂ ಇಲ್ಲ. ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಅವನ ಕೈಗೆ. ಕೊಹ್ಲಿಯೇ ಪ್ರತಿ ಎಸೆತವನ್ನೂ ಆಡಬೇಕು ಅಂದುಕೊಳ್ಳಿ, ಹಾಗೆ. ಫೀಲ್ಡ್ಸ್ ಚೆಂಡು ಎಸೆಯುವುದಕ್ಕಿಂತ ಹಿಡಿದು ಓಡುವುದರಲ್ಲಿ ನಿಸ್ಸೀಮ. 2022ರಲ್ಲಿ 1,143 ಗಜ ಓಡಿದ್ದ. ನನ್ನ ಮಗ ಅವನ ಓಟಕ್ಕೆ ಮನಸೋತು ನಂಬರ್ 1ರ ಜೆರ್ಸಿ ಬೇಕೆಂದು ಹಟ ಹಿಡಿದ. ಬೆಲೆ ನೂರು ಡಾಲರ್‌ಗೂ ಮೇಲೆ. ‘ರೀ, ಆರು ತಿಂಗಳಿಗೆ ಚಿಕ್ಕದಾಗುತ್ತೆ’ ಅಂದಳು ಹೆಂಡತಿ. ಎರಡು ಸೈಜ್ ದೊಡ್ಡದು ತಂದೆವು. ಅದು ಮಗನಿಗೆ ಮೊಣಕಾಲಿನವರೆಗೆ ಬರುತ್ತಿತ್ತು.

2023ರ ಡಿಸೆಂಬರ್ 31ರಂದು ಅದನ್ನು ಜಾಕೆಟ್ ಮೇಲೆ ತೊಡಿಸಿ ಸೋಲ್ಜರ್ ಫೀಲ್ಡ್‌ಗೆ ಕರೆದುಕೊಂಡು ಹೋಗಿದ್ದೆ. ಸಣ್ಣಗೆ ಹಿಮ. ಅಟ್ಲಾಂಟಾ ಮೇಲೆ 37–17ರ ಗೆಲುವು. ಕೊನೆಯಲ್ಲಿ ಇಡೀ ಸ್ಟೇಡಿಯಂ ‘ನಮಗೆ ಫೀಲ್ಡ್ಸ್ ಬೇಕು’ ಅಂತ ಕೂಗತೊಡಗಿತು. ಮಗ ಗಂಟಲು ಹರಿಯುವಂತೆ ಕೂಗಿದ. ಕೆಳಗಿನ ಸಾಲಿನ ಗಡ್ಡದವನೊಬ್ಬ ತಿರುಗಿ ಇವನ ಕೈಗೆ ಕೈ ಹೊಡೆದ. ವಾಪಸ್ ಬರುವಾಗ ಕಾರಿನ ರೇಡಿಯೋದಲ್ಲಿ ಇನ್ನೊಂದು ಸುದ್ದಿ. ಅದೇ ಮಧ್ಯಾಹ್ನ ಕ್ಯಾರೊಲೈನಾ 26–0ಯಿಂದ ಸೋತಿದೆ, ಒಂದನೇ ಸರದಿ ಬೇರ್ಸ್‌ಗೆ ಖಾತ್ರಿಯಾಗಿದೆ. ಹಿಂದಿನ ಸೀಟಿನಿಂದ ಮಗ ಕೇಳಿದ, ‘ಅಪ್ಪ, ಅದು ಒಳ್ಳೇದಾ ಕೆಟ್ಟದ್ದಾ?’ ನಾನು ಹೆದ್ದಾರಿ ನೋಡುತ್ತಾ ಕೂತೆ.

ಜನವರಿಯಿಂದ ಮಾರ್ಚ್‌ವರೆಗೆ ಬೇಲಿಯ ಆಚೆ ಈಚೆ ಅದೇ ಚರ್ಚೆ. ಸರದಿ ಮತ್ತೆ ಮಾರಿ ಫೀಲ್ಡ್ಸ್‌ನನ್ನೇ ಇಟ್ಟುಕೊಳ್ಳಬೇಕಾ, ಇಲ್ಲಾ ಕಾಲೇಜಿನಿಂದ ಬರುತ್ತಿರುವ ಕ್ವಾರ್ಟರ್‌ಬ್ಯಾಕ್ ಕಾಲೇಬ್ ವಿಲಿಯಮ್ಸ್‌ನನ್ನು ತಗೋಬೇಕಾ? ಅಜ್ಜ ವಿಲಿಯಮ್ಸ್ ಕಡೆ. ಆದರೂ ಒಂದು ಅನುಮಾನ ಅವರಿಗೆ. ಹಿಂದಿನ ನವೆಂಬರಿನಲ್ಲಿ ವಿಲಿಯಮ್ಸ್‌ನ ಕಾಲೇಜು ತಂಡ ವಾಷಿಂಗ್ಟನ್ ವಿಶ್ವವಿದ್ಯಾಲಯದ ಎದುರು ಸೋತಾಗ, ಅವನು ಗ್ಯಾಲರಿಗೆ ಹೋಗಿ ಅಮ್ಮನನ್ನು ತಬ್ಬಿಕೊಂಡು ಅತ್ತಿದ್ದ. ‘ಶಿಕಾಗೋದ ಚಳಿಯಲ್ಲಿ ಸೋತಾಗ ಇವನು ಏನು ಮಾಡುತ್ತಾನೆ?’ ಅನ್ನುವುದು ಅಜ್ಜನ ಪ್ರಶ್ನೆ. ಕಾಫಿ ಕೊಡಲು ಬಂದ ನನ್ನ ಹೆಂಡತಿ ಅಂದಳು, ‘ಅಮ್ಮನ ಹತ್ತಿರ ಅಳದೆ ಇನ್ಯಾರ ಹತ್ತಿರ ಅಳಬೇಕಂತೆ?’ ಅದಕ್ಕೆ ಅಜ್ಜನ ಹತ್ತಿರ ಉತ್ತರವಿರಲಿಲ್ಲ. ಆ ಮಾತು ಅವರು ಮತ್ತೆ ಎತ್ತಲಿಲ್ಲ.

ಇನ್ನು ಹುಡುಗರ ಅಳತೆಯ ಕಥೆ ಕೇಳಬೇಕು. ಡ್ರಾಫ್ಟಿಗೆ ಮುಂಚೆ ಎಲ್ಲರನ್ನೂ ಒಂದೆಡೆ ಸೇರಿಸಿ ಎತ್ತರ, ತೂಕ, ಅಂಗೈ ಅಗಲ ಅಳೆಯುತ್ತಾರೆ. 40 ಗಜ ಓಡಿಸುತ್ತಾರೆ. ಅಜ್ಜ ಇದನ್ನೆಲ್ಲ ಬಾಯಿಪಾಠ ಒಪ್ಪಿಸುವಾಗ ನನಗೆ ನಮ್ಮ ತಾತ ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದದ್ದು ನೆನಪಾಯಿತು. ಹಾಗೇ ಹೇಳಿಬಿಟ್ಟೆ. ಹೇಳಿದ ಮೇಲೆ ನನಗೇ ಕಸಿವಿಸಿ. ಮನುಷ್ಯರ ಮಾತಿದು, ಅದರಲ್ಲೂ ಹೆಚ್ಚಿನವರು ಕಪ್ಪು ಹುಡುಗರು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀನು ಹೇಳಿದ್ದು ತಪ್ಪಲ್ಲ, ನಾವು ಮಾಡೋದು ಹಾಗೇ ಇದೆ’ ಅಂದರು. ವಿಲಿಯಮ್ಸ್ ಅಲ್ಲಿ ವೈದ್ಯಕೀಯ ಪರೀಕ್ಷೆಗೆ ಒಪ್ಪಿರಲಿಲ್ಲ. ನನ್ನನ್ನು ನಿಜವಾಗಿ ತಗೊಳ್ಳುವವರಿಗೆ ಮಾತ್ರ ತೋರಿಸುತ್ತೇನೆ ಅನ್ನುವ ಧಾಟಿ. ಅವನ ಬಗ್ಗೆ ನನಗೆ ಗೌರವ ಹುಟ್ಟಿದ್ದು ಅಲ್ಲೇ.

ಮಾರ್ಚ್ 16, ಶನಿವಾರ. ಫೀಲ್ಡ್ಸ್‌ನನ್ನು ಪಿಟ್ಸ್‌ಬರ್ಗ್‌ಗೆ ಕೊಟ್ಟುಬಿಟ್ಟರು. ಬದಲಿಗೆ ಬಂದದ್ದು ಮುಂದಿನ ವರ್ಷದ ಆರನೇ ಸುತ್ತಿನ ಒಂದು ಪಿಕ್, ಅದೂ ಷರತ್ತಿನ ಮೇಲೆ. 2021ರಲ್ಲಿ ಇವನಿಗಾಗಿ ಮುಂದಿನ ವರ್ಷದ ಮೊದಲ ಸುತ್ತನ್ನೇ ಒತ್ತೆ ಇಟ್ಟವರು ಇವರೇ. ಹಳೇ ಪೇಪರ್ ತೂಕಕ್ಕೆ ಹಾಕಿದಂತಾಯಿತು. ಮಗ ಜೆರ್ಸಿ ಮಡಚಿ ಬೀರುವಿನ ತಳಕ್ಕೆ ತಳ್ಳಿದ. ಅವನನ್ನು ಸಮಾಧಾನ ಮಾಡುತ್ತಾ, ಚಾಹಲ್‌ನನ್ನು ಆರ್‌ಸಿಬಿ ಬಿಟ್ಟುಕೊಟ್ಟಾಗ ನನಗೂ ಹೀಗೇ ಆಗಿತ್ತು ಅಂದೆ. ‘ಚಾಹಲ್ ಯಾರು?’ ಅಂದ.

ಡ್ರಾಫ್ಟಿನ ಸಂಜೆ ಅಜ್ಜ ಗ್ಯಾರೇಜಿನಿಂದ ಕಾರು ಹೊರಗಿಟ್ಟು, ಟೀವಿ ತಂದಿಟ್ಟು, ಮಡಚುವ ಕುರ್ಚಿಗಳನ್ನು ಹಾಕಿದ್ದರು. ಏಪ್ರಿಲ್ ಆದರೂ ಜಾಕೆಟ್ ಬೇಕಾಗುವ ಚಳಿ. ನಮ್ಮ ಕಡೆಯಿಂದ ಖಾರ ಮಂಡಕ್ಕಿ, ಮಿರ್ಚಿ. ಅವರ ಅಳಿಯನೂ ಬಂದಿದ್ದ. ಗ್ರೀನ್ ಬೇ ಕಡೆಯವನು, ಬೇರ್ಸ್‌ನ ಬದ್ಧವೈರಿ ಪ್ಯಾಕರ್ಸ್ ತಂಡದ ಭಕ್ತ. ಬೇರ್ಸ್ ಮನೆಗೆ ಪ್ಯಾಕರ್ಸ್ ಅಳಿಯ! ಈ ಸಂಬಂಧ ಹೇಗೆ ಒಪ್ಪಿದಿರಿ ಅಂತ ಒಮ್ಮೆ ಕೇಳಿದ್ದೆ. ‘ಹುಡುಗ ಒಳ್ಳೆಯವನು, ಅದೊಂದೇ ಐಬು’ ಅಂದಿದ್ದರು.

ಮಗ ಬಂದ. ಮೈಮೇಲೆ ನಂಬರ್ 1ರ ಜೆರ್ಸಿ.

ಅಳಿಯ ನಗಲು ಬಾಯಿ ತೆರೆದ. ಅಜ್ಜ ಕೈ ಅಡ್ಡ ಹಿಡಿದರು. ಎದ್ದು ಹೋಗಿ ಮೂಲೆಯ ಬಕೆಟ್ಟಿನಿಂದ ಒಂದು ಒದ್ದೆ ಬಟ್ಟೆ ಎತ್ತಿ ತೋರಿಸಿದರು. ನೀಲಿ ಬಣ್ಣ ಮಾಸಿ, ಗ್ರೀಸಿನ ಕಲೆ ಕೂತು, ನಡುವೆ 6 ಅನ್ನುವ ಅಂಕಿ ಅರ್ಧ ಕಾಣುತ್ತಿತ್ತು. ಬೇರ್ಸ್‌ನ ಹಿಂದಿನೊಬ್ಬ ಕ್ವಾರ್ಟರ್‌ಬ್ಯಾಕ್ ಜೇ ಕಟ್ಲರ್‌ನ ಜೆರ್ಸಿ. ‘ಇದರಲ್ಲಿ ನಾನೀಗ ಕಾರು ಒರೆಸ್ತೀನಿ. ನಿನ್ನದನ್ನು ಹಾಗೆ ಮಾಡಬೇಡ. ತೊಳೆದು ಇಟ್ಟುಕೋ’ ಅಂದರು. ಮಗ ಅವರ ಪಕ್ಕದ ಕುರ್ಚಿಯಲ್ಲೇ ಕೂತ.

ಒಂದನೇ ಸರದಿಯಲ್ಲಿ ಗುಟ್ಟೇನೂ ಉಳಿದಿರಲಿಲ್ಲ. ವಿಲಿಯಮ್ಸ್ ಹೆಸರು ಕೂಗಿದರು, ಅಜ್ಜ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆದರೆ ಅವರ ಮುಖದಲ್ಲಿ ಪೂರ್ತಿ ನಗು ಬರಲಿಲ್ಲ. ‘2017’ ಅಂದರು ಮೆಲ್ಲಗೆ. ಇವರ ಬಾಯಲ್ಲಿ 2017 ಅಂದರೆ ಮನೆಯಲ್ಲಿ ಯಾರೋ ತೀರಿಕೊಂಡ ವರ್ಷದ ಹಾಗೆ. ಆ ವರ್ಷ ಮೂರನೇ ಸರದಿಯಿಂದ ಎರಡಕ್ಕೆ ಏರಲು, ಅಂದರೆ ಒಂದೇ ಒಂದು ಮೆಟ್ಟಿಲಿಗೆ, ಬೇರ್ಸ್ ಇನ್ನೂ ಮೂರು ಪಿಕ್ ಸುರಿದು ಮಿಚೆಲ್ ಟ್ರುಬಿಸ್ಕಿ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ತಗೊಂಡಿತು. ಹತ್ತನೇ ಸರದಿಯಲ್ಲಿ ಕ್ಯಾನ್ಸಸ್ ಸಿಟಿ ಆರಿಸಿದ್ದು ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ನನ್ನು. ಆವತ್ತಿನ ಹೊತ್ತಿಗೆ ಅವನ ಬಳಿ ಮೂರು ಸೂಪರ್ ಬೌಲ್.

ಅಳಿಯ ಬಿಡುತ್ತಾನಾ? ‘ನಮಗೆ ಮೂವತ್ತು ವರ್ಷಕ್ಕೆ ಮೂವರೇ ಕ್ವಾರ್ಟರ್‌ಬ್ಯಾಕ್ ಸಾಕಾದರು’ ಅಂತ ಬೆರಳು ಎಣಿಸಿದ. ಫಾರ್ವ್, ರಾಜರ್ಸ್, ಈಗ ಲವ್. ಅವರಲ್ಲಿ ಕೊನೆಯ ಇಬ್ಬರನ್ನೂ ಮೊದಲ ಸುತ್ತಿನಲ್ಲಿ ತಂದು, ಮೂರು ವರ್ಷ ಬೆಂಚಿನಲ್ಲಿ ಕೂರಿಸಿ ಆಮೇಲೆ ಇಳಿಸಿದರಂತೆ. ‘ನೀವು ಅನ್ನ ಬೇಯುವ ಮುಂಚೆಯೇ ಬಡಿಸ್ತೀರಿ’ ಅನ್ನುವ ಅರ್ಥದ ಮಾತು ಹೇಳಿದ. ನಿಜವಿದ್ದೀತು. ಆದರೆ ಹಸಿದವನಿಗೆ ಹೊಟ್ಟೆ ತುಂಬಿದವನು ಹೇಳುವ ಬುದ್ಧಿಮಾತು ಅದು.

ನಿಜವಾದ ಜಗಳ ಒಂಬತ್ತನೇ ಸರದಿಯದು. ಅದು ಬೇರ್ಸ್‌ನ ಸ್ವಂತದ್ದು. ಇಡೀ ಡ್ರಾಫ್ಟಿಗೆ ಕೈಯಲ್ಲಿದ್ದದ್ದೇ ನಾಲ್ಕು ಪಿಕ್. ಅಜ್ಜನಿಗೆ ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ಎರಗುವ ಗಟ್ಟಿ ಆಳು ಬೇಕು. ಅಳಿಯ, ಆ ಸರದಿ ಮಾರಿ ಇನ್ನೆರಡು ತಗೊಳ್ಳಿ ಅನ್ನುತ್ತಾನೆ. ಮಗನಿಗೆ ರೋಮ್ ಒಡುನ್ಜೆ ಬೇಕು. ಹಾರಿ ಚೆಂಡು ಹಿಡಿಯುವ ರಿಸೀವರ್. ತಮಾಷೆ ಅಂದರೆ, ವಿಲಿಯಮ್ಸ್‌ನನ್ನು ಅಳಿಸಿದ ಆ ವಾಷಿಂಗ್ಟನ್ ತಂಡದಲ್ಲಿ ಇವನೂ ಇದ್ದ. ನನ್ನ ಮಾತು ಬೇರೆ. ಹೊಸ ಹುಡುಗನ ಮುಂದೆ ಗೋಡೆಯ ಹಾಗೆ ನಿಲ್ಲುವ ಲೈನ್ ಆಳು ಮೊದಲು ತನ್ನಿ, ಮನೆ ಕಟ್ಟುವಾಗ ಬಣ್ಣಕ್ಕಿಂತ ಮುಂಚೆ ಗೋಡೆ ಎಬ್ಬಿಸ್ತಾರಲ್ವಾ ಅಂದೆ. ಕ್ರಿಕೆಟ್‌ನವನ ಮಾತು ಯಾರು ಕೇಳುತ್ತಾರೆ? ಅಜ್ಜ ನನ್ನ ಕೈಗೆ ಇನ್ನೊಂದು ಮಿರ್ಚಿ ಇಟ್ಟರು.

ಎಂಟನೇ ಸರದಿ ಅಟ್ಲಾಂಟಾದ್ದು. ಒಂದು ತಿಂಗಳ ಹಿಂದಷ್ಟೇ ಕರ್ಕ್ ಕಸಿನ್ಸ್ ಎಂಬ ಕ್ವಾರ್ಟರ್‌ಬ್ಯಾಕ್ ಜೊತೆ ನಾಲ್ಕು ವರ್ಷಕ್ಕೆ 18 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡವರು. ಈಗ ಆರಿಸಿದ್ದು ಮೈಕಲ್ ಪೆನಿಕ್ಸ್‌ನನ್ನು. ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್! ಗ್ಯಾರೇಜು ಗಪ್‌ಚಿಪ್. ಆಮೇಲೆ ಒಟ್ಟಿಗೆ ನಾಲ್ಕು ಬಾಯಿ. ಅಳಿಯನ ಕೈಯಿಂದ ಮಂಡಕ್ಕಿ ಚೆಲ್ಲಿತು. ಮಗ ಮಾತ್ರ ಎದ್ದು ನಿಂತು, ‘ಒಡುನ್ಜೆ ಉಳಿದ, ಒಡುನ್ಜೆ ಉಳಿದ’ ಅಂತ ಅಜ್ಜನ ತೋಳು ಅಲುಗಾಡಿಸುತ್ತಿದ್ದ.

ಬೇರ್ಸ್ ಅವನನ್ನೇ ತಗೊಂಡಿತು. ನಾಲ್ವರೂ ಕುಣಿದೆವು. ಗೋಡೆ ಬೇಕು ಅಂದ ನಾನೂ, ಎರಗುವ ಆಳು ಬೇಕು ಅಂದ ಅಜ್ಜನೂ. ಪ್ಯಾಕರ್ಸ್ ಅಳಿಯ ಯಾಕೆ ಕುಣಿದ ಅಂತ ಗೊತ್ತಿಲ್ಲ. ಮಾವನ ಮನೆ ಅಂತ ಇರಬೇಕು.

ಶನಿವಾರ ನಾಲ್ಕನೇ ಸುತ್ತಿನಲ್ಲಿ ಒಬ್ಬ ಪಂಟರ್‌ನನ್ನು ತಗೊಂಡರು. ನಮ್ಮ ಕಡೆ ಪಂಟರ್ ಅಂದರೆ ಎಲ್ಲದರಲ್ಲೂ ಎತ್ತಿದ ಕೈ. ಇಲ್ಲಿ ಪಂಟರ್ ಅಂದರೆ ಏನೂ ಗಿಟ್ಟದಿದ್ದಾಗ ಬಂದು ಚೆಂಡನ್ನು ದೂರ ಒದ್ದು ಹೋಗುವವನು. ನಮ್ಮ ಹುಡುಗರಿಗೆ ಇವನ ಅಗತ್ಯ ಬೀಳಲ್ಲ ಅಂತ ಅಜ್ಜ ನಕ್ಕರು. ಆ ಸೀಸನ್‌ನಲ್ಲಿ ಅತಿ ಹೆಚ್ಚು ದುಡಿದವನು ಅವನೇ ಇರಬೇಕು.

ಯಾಕೆಂದರೆ ಸೀಸನ್ ಹಾಳಾಯಿತು. ವಿಲಿಯಮ್ಸ್‌ನನ್ನು ಚೆಂಡು ಎಸೆಯುವ ಮುಂಚೆಯೇ ಹಿಡಿದು ನೆಲಕ್ಕೆ ಕೆಡವಿದ್ದು 68 ಸಲ. ಗೋಡೆ, ಗೋಡೆ ಅಂತ ನಾನು ಬಡಕೊಂಡಿದ್ದೆ ಅಂತ ಜ್ಞಾಪಿಸಿದೆ. ನೀನೂ ಕುಣಿದಿದ್ದೆ ಅಂತ ಅಜ್ಜ ಜ್ಞಾಪಿಸಿದರು. ಅಕ್ಟೋಬರ್ 27ರಂದು, ಎರಡನೇ ಸರದಿಯಲ್ಲಿ ವಾಷಿಂಗ್ಟನ್‌ನ ಎನ್‌ಎಫ್‌ಎಲ್ ತಂಡದ ಪಾಲಾಗಿದ್ದ ಕ್ವಾರ್ಟರ್‌ಬ್ಯಾಕ್ ಜೇಡನ್ ಡೇನಿಯಲ್ಸ್ ಕೊನೇ ಗಳಿಗೆಯಲ್ಲಿ ದೇವರ ಮೇಲೆ ಭಾರ ಹಾಕಿ ಎಸೆದ ಚೆಂಡು ಯಾರದೋ ಕೈಗೆ ತಾಗಿ, ಇನ್ಯಾರದೋ ಕೈಗೆ ಬಿದ್ದು, ನಾವು 18–15ರಿಂದ ಸೋತೆವು. ಅಲ್ಲಿಂದ ಸತತ ಹತ್ತು ಸೋಲು. ನಡುವೆ ಮುಖ್ಯ ಕೋಚ್‌ನನ್ನೂ ಕಳಿಸಿದರು. ‘ಡೇನಿಯಲ್ಸ್‌ನನ್ನೇ ತಗೋಬೇಕಿತ್ತಾ?’ ಅಂತ ಬೇಲಿಯ ಹತ್ತಿರ ಹೊಸ ಚರ್ಚೆ ಶುರುವಾಯಿತು. ಮಗನ ಹುಟ್ಟುಹಬ್ಬಕ್ಕೆ ವಿಲಿಯಮ್ಸ್‌ನ ನಂಬರ್ 18 ಜೆರ್ಸಿ ಕೊಡಿಸಲಾ ಅಂದೆ. ‘ಮೂರು ವರ್ಷ ಆಗಲಿ ಅಪ್ಪ, ನೋಡೋಣ’ ಅಂದ.

2025ರ ಜನವರಿ 5, ಸೀಸನ್ನಿನ ಕೊನೆಯ ಪಂದ್ಯ, ಗ್ರೀನ್ ಬೇಯಲ್ಲಿ. ಕೊನೆಯ ಒದೆತದಲ್ಲಿ ಬೇರ್ಸ್ 24–22ರಿಂದ ಗೆದ್ದಿತು. 2018ರ ನಂತರ ಪ್ಯಾಕರ್ಸ್ ಮೇಲೆ ಮೊದಲ ಗೆಲುವು. ಅಳಿಯನ ಫೋನು ಸ್ವಿಚ್ ಆಫ್ ಅಂತೆ. ಮಾರನೇ ದಿನ ಅಜ್ಜ ಡ್ರೈವ್‌ವೇ ಗುಡಿಸುತ್ತಾ ಶಿಳ್ಳೆ ಹೊಡೆಯುತ್ತಿದ್ದರು. ನನ್ನನ್ನು ನೋಡಿ ಕೈಯೆತ್ತಿದರು. ಒಂದೆರಡು ನಿಮಿಷ ಗೆಲುವಿನ ಮಾತು. ಆಮೇಲೆ ಪೊರಕೆ ನಿಲ್ಲಿಸಿ, ಹಣೆ ಗಂಟಿಕ್ಕಿ, ‘ಸೋತಿದ್ದರೆ ಸರದಿ ಇನ್ನೂ ಮೇಲೆ ಬರ್ತಿತ್ತು. ಗೆದ್ದು ಕೆಡಿಸಿಕೊಂಡರು, ಈಗ ಹತ್ತನೇದು’ ಅಂದರು.

‘ಈ ಸಲ ಗೋಡೆ?’ ಅಂದೆ.

‘ಗೋಡೆ’ ಅಂದರು. ‘ಏಪ್ರಿಲ್‌ಗೆ ಆ ಮೆಣಸಿನಕಾಯಿದು ಸ್ವಲ್ಪ ಜಾಸ್ತಿ ಮಾಡ್ಸು.’