ಆಕಾಶವನ್ನು ಕಾಯಿಸಿದ ಅಜ್ಜ

“38 ವರ್ಷ ನಾನು ಆಕಾಶವನ್ನು ಕಾಯಿಸಿದೆ.”

ಕೆಳಮನೆಯ ಅಜ್ಜ ಈ ಮಾತು ಹೇಳಿದ್ದು ಜುಲೈ ತಿಂಗಳ ಒಂದು ರಾತ್ರಿ, ಒಂಬತ್ತರ ಸುಮಾರಿಗೆ. ಬೇಸಗೆಯಲ್ಲಿ ಇಲ್ಲಿ ಆ ಹೊತ್ತಿಗೂ ಬೆಳಕಿರುತ್ತದೆ. ಹಗಲಿಡೀ ಕಾದ ಗೋಡೆಗಳು ಇನ್ನೂ ತಣಿದಿರಲಿಲ್ಲ. ಅಂಗಳದ ಬೆಂಚಿನ ಮೇಲೆ ಅವರು, ನಾನು, ಎಂಟು ವರ್ಷದ ನನ್ನ ಮಗಳು. ಮಾತು ಶುರುವಾದದ್ದು ಅವಳ ಪ್ರಶ್ನೆಯಿಂದ. “ಚಳಿಗಾಲದಲ್ಲಿ ಕಬ್ಬಿಣ ಕರಗಿಸುವ ಕುಲುಮೆಯ ಬಿಸಿ ನಮ್ಮ ಮನೆಗಳಿಗೆ ಬರುತ್ತದೆ ಎಂದು ಶಾಲೆಯಲ್ಲಿ ಹೇಳಿದರು. ಈಗ ಯಾರಿಗೂ ಬಿಸಿ ಬೇಡ. ಕುಲುಮೆ ಮಾತ್ರ ಉರಿಯುತ್ತಲೇ ಇದೆ. ಈಗ ಆ ಬಿಸಿ ಎಲ್ಲಿಗೆ ಹೋಗುತ್ತದೆ?”

ಇಟಲಿಯ ಬ್ರೆಶಿಯಾ ನಗರಕ್ಕೆ ಬಂದು ಆರು ವರ್ಷವಾಯಿತು. ಆರು ಚಳಿಗಾಲ ಆ ಬಿಸಿಗೆ ಬೆನ್ನು ಕೊಟ್ಟು ಕುಳಿತಿದ್ದೇನೆ. ಒಮ್ಮೆಯೂ ಈ ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ.

ಅಜ್ಜನಿಗೆ ಉತ್ತರ ಗೊತ್ತಿತ್ತು. ಅವರ ಆಯುಷ್ಯವೆಲ್ಲ ಈ ಭಾಗದ ಒಂದು ಉಕ್ಕಿನ ಕಾರ್ಖಾನೆಯಲ್ಲಿ, ಕುಲುಮೆಯ ಮುಂದೆಯೇ ಕಳೆದಿದೆ. ಗುಜರಿ ಕಬ್ಬಿಣ ತಂದು, ವಿದ್ಯುತ್ತಿನ ಚಾಪದಲ್ಲಿ, ಎಂದರೆ ಬಿಡದೆ ಹಾರುವ ದೊಡ್ಡ ಕಿಡಿಯಲ್ಲಿ ಕರಗಿಸಿ, ಕಟ್ಟಡಗಳ ಸರಳು ಎಳೆಯುವುದು ಬ್ರೆಶಿಯಾದ ಹಳೆಯ ಕಸುಬು. ಕುಲುಮೆಯ ಬಾಯಿಂದ ಹೊರಬೀಳುವ ಹೊಗೆ ಸಾವಿರ ಡಿಗ್ರಿ ದಾಟಿರುತ್ತದೆ. ಕರಗಿಸಲು ಕೊಟ್ಟ ಶಕ್ತಿಯಲ್ಲಿ ಸರಿಸುಮಾರು ಕಾಲು ಭಾಗ ಆ ಹೊಗೆಯ ಜೊತೆಗೇ ಹೋಗುತ್ತದೆ. ಅವರ ಕಾಲದಲ್ಲಿ ಆ ಹೊಗೆಯನ್ನು ನೀರಿನಿಂದ ತಣಿಸಿ, ಧೂಳು ಸೋಸಿ, ಮೇಲಕ್ಕೆ ಬಿಟ್ಟುಬಿಡುತ್ತಿದ್ದರು. ತಣಿಸುವುದಕ್ಕೂ ಮತ್ತೆ ವಿದ್ಯುತ್ ಬೇಕಾಗುತ್ತಿತ್ತು.

“1985ರ ಜನವರಿಯಲ್ಲಿ ಹಿಮ ಬಿತ್ತಲ್ಲ, ಊರಿಗೆ ಊರೇ ಹೂತುಹೋಯಿತು,” ಎಂದರು ಅಜ್ಜ. “ನಮ್ಮ ಶೆಡ್ಡಿನ ಮಾಡಿನ ಮೇಲೆ ಮಾತ್ರ ಒಂದು ಹಿಡಿ ಹಿಮವೂ ನಿಲ್ಲಲಿಲ್ಲ. ಪಾಳಿ ಮುಗಿಸಿ ಮನೆಗೆ ಹೋದರೆ ಅಮ್ಮ ಎರಡು ಕಂಬಳಿ ಹೊದ್ದು ಒಲೆಗೆ ಕಟ್ಟಿಗೆ ಒಡ್ಡುತ್ತಿದ್ದಳು. ಅಂದು ನನಗೆ ಅದು ವಿಚಿತ್ರ ಎನಿಸಲಿಲ್ಲ. ಈಗ ಅನಿಸುತ್ತದೆ.”

ನೆನಪು ಹೇಳುವಾಗ ಸಾಮಾನ್ಯವಾಗಿ ಅವರ ಮುಖದಲ್ಲಿ ನಗುವಿರುತ್ತದೆ. ಅಂದು ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಮಗಳ ಕಡೆ ತಿರುಗಿ ಉತ್ತರ ಹೇಳತೊಡಗಿದರು. ಅರ್ಧ ಅರ್ಥವಾಯಿತು. ಉಳಿದರ್ಧವನ್ನು ನಂತರದ ವಾರಗಳಲ್ಲಿ ಓದಿ ತಿಳಿದುಕೊಂಡೆ.

ನಗರದ ನೆಲದಡಿ ಬಿಸಿನೀರಿನ ಕೊಳವೆಗಳ ಜಾಲವಿದೆ. ಇಲ್ಲಿನವರು ಅದನ್ನು ‘ಟೆಲೆರಿಸ್ಕಾಲ್ದಮೆಂತೊ’ ಎನ್ನುತ್ತಾರೆ. ದೂರದಿಂದ ಬೆಚ್ಚಗೆ ಮಾಡುವುದು ಎಂದು ಆ ಪದದ ಅರ್ಥ. ಇಟಲಿಯಲ್ಲಿ ಇಡೀ ನಗರಕ್ಕೆ ಇಂಥ ವ್ಯವಸ್ಥೆ ಮೊದಲು ಬಂದದ್ದು ಇಲ್ಲಿಗೇ, 1972ರಲ್ಲಿ. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಬಾಯ್ಲರ್ ಇಲ್ಲ. ಹೊರಗಿನ ಬಿಸಿನೀರು ಬಂದು, ಲೋಹದ ತಗಡುಗಳ ನಡುವೆ ಹಾದು, ತನ್ನ ಬಿಸಿಯನ್ನು ಮನೆಗಳ ನೀರಿಗೆ ಕೊಟ್ಟು ಮರಳುವ ಒಂದು ಪೆಟ್ಟಿಗೆ ಮಾತ್ರ ಇದೆ. ಈ ಜಾಲದ ಬಿಸಿಯಲ್ಲಿ ಬಹುಪಾಲು ಕಸ ಸುಡುವ ಸ್ಥಾವರದ್ದು. ಕಳೆದ ದಶಕದಲ್ಲಿ ಓರಿ ಮಾರ್ಟಿನ್ ಎಂಬ ಉಕ್ಕಿನ ಕಾರ್ಖಾನೆಯೂ ಅದಕ್ಕೆ ಸೇರಿಕೊಂಡಿತು. ಕುಲುಮೆಯ ಹೊಗೆಯಿಂದ ಹಬೆ ಮಾಡಿ, ಚಳಿಗಾಲದಲ್ಲಿ ಸುಮಾರು 10 ಮೆಗಾವಾಟ್ ಬಿಸಿಯನ್ನು ಊರಿಗೆ ಕೊಡುತ್ತಾರೆ. ಸುಮಾರು 2,000 ಮನೆಗಳಿಗೆ ಅಷ್ಟು ಸಾಕು.

ಬೇಸಗೆ ಬಂದಾಗ ಆ ಹಬೆಯನ್ನು ವಿದ್ಯುತ್ ಮಾಡುವ ಒಂದು ಟರ್ಬೈನಿನ ಕಡೆಗೆ ತಿರುಗಿಸುತ್ತಾರೆ. ಮಗಳ ಪ್ರಶ್ನೆಗೆ ಉತ್ತರ ಇಷ್ಟೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಟರ್ಬೈನಿನ ಬಗೆ.

ಅದರೊಳಗೆ ತಿರುಗಿಸುವ ಕೆಲಸ ನೀರಿನ ಹಬೆಯದ್ದಲ್ಲ. ಹೊಗೆಯಿಂದ ಹುಟ್ಟಿದ ಹಬೆ ತನ್ನ ಬಿಸಿಯನ್ನು ಇನ್ನೊಂದು ದ್ರವಕ್ಕೆ ದಾಟಿಸುತ್ತದೆ, ಅಷ್ಟೆ. ಆ ಎರಡನೆಯ ದ್ರವ ಪೆಂಟೇನಿನಂಥ ಹೈಡ್ರೋಕಾರ್ಬನ್ ಇರಬಹುದು, ಸಿಲಿಕಾನ್ ಎಣ್ಣೆಯ ಜಾತಿಯದಿರಬಹುದು. ಪೆಂಟೇನ್ 36 ಡಿಗ್ರಿಗೇ ಕುದಿಯುತ್ತದೆ. ಜ್ವರ ಬಂದವರ ಅಂಗೈ ಸಾಕು. ಕುದಿದ ಆವಿ ಟರ್ಬೈನಿನ ಅಲಗುಗಳನ್ನು ತಳ್ಳಿ ತಿರುಗಿಸಿ, ತಣಿದು ಮತ್ತೆ ದ್ರವವಾಗಿ, ಪಂಪಿನ ಮೂಲಕ ಹಿಂದಿರುಗುತ್ತದೆ. ಮುಚ್ಚಿದ ಕೊಳವೆಯೊಳಗೆ ವರ್ಷಗಟ್ಟಲೆ ಅದೇ ದ್ರವ ಸುತ್ತುತ್ತಿರುತ್ತದೆ. ಈ ಸುತ್ತಿಗೆ ಸ್ಕಾಟ್ಲೆಂಡಿನ ಎಂಜಿನಿಯರ್ ರ‍್ಯಾಂಕಿನ್ ಹೆಸರಿದೆ. 1859ರಲ್ಲಿ ಹಬೆಯಂತ್ರಗಳ ಬಗ್ಗೆ ದೊಡ್ಡ ಕೈಪಿಡಿ ಬರೆದವರು ಅವರು. ನೀರಿನ ಬದಲು ಸಾವಯವ ದ್ರವ, ಎಂದರೆ ಇಂಗಾಲದ ಸಂಯುಕ್ತ ಇರುವುದರಿಂದ ಇದು ‘ಆರ್ಗ್ಯಾನಿಕ್ ರ‍್ಯಾಂಕಿನ್ ಚಕ್ರ’.

ನೀರೇ ಯಾಕಾಗದು ಎಂದು ಅಜ್ಜನನ್ನು ಕೇಳಿದ್ದೆ. ಅವರು ಅಂಗೈಯನ್ನು ಇನ್ನೊಂದು ಅಂಗೈಗೆ ಉಜ್ಜಿ ತೋರಿಸಿದರು. ಅಷ್ಟೇನೂ ಬಿಸಿಯಿಲ್ಲದ ನೀರಿನ ಹಬೆ ಟರ್ಬೈನಿನಲ್ಲಿ ಹಿಗ್ಗುವಾಗ ಸಣ್ಣ ಹನಿಗಳಾಗಿ ಒಡೆಯುತ್ತದೆ. ಆ ಹನಿಗಳು ಮರಳಿನಂತೆ ಅಲಗುಗಳನ್ನು ಸವೆಸುತ್ತವೆ. ಭಾರದ ಅಣುಗಳಿರುವ ಈ ದ್ರವಗಳ ಆವಿ ಹಿಗ್ಗುವಾಗ ಹನಿಯಾಗುವುದಿಲ್ಲ, ಒಣಗಿಯೇ ಇರುತ್ತದೆ. ಯಂತ್ರ ನಿಧಾನ ತಿರುಗಿದರೂ ನಡೆಯುತ್ತದೆ, ಪಕ್ಕದಲ್ಲಿ ಒಬ್ಬ ಕಾಯಂ ನಿಲ್ಲಬೇಕಾಗಿಲ್ಲ. ಕುಲುಮೆ ಒಂದೇ ಸಮನೆ ಉರಿಯುವುದೂ ಇಲ್ಲ. ಗುಜರಿ ತುಂಬುವಾಗ, ಕರಗಿದ್ದನ್ನು ಸುರಿಯುವಾಗ ಬಿಸಿ ಇಳಿಯುತ್ತದೆ, ನಡುವೆ ಏರುತ್ತದೆ. ಆ ಏರಿಳಿತ ಟರ್ಬೈನಿಗೆ ತಾಗದಂತೆ ಹಬೆಯನ್ನು ದೊಡ್ಡ ತೊಟ್ಟಿಯಲ್ಲಿ ಕೂಡಿಟ್ಟು ಹದವಾಗಿ ಬಿಡುತ್ತಾರೆ. ಇಂಥ ಟರ್ಬೈನುಗಳನ್ನು ಮಾಡುವ ಟರ್ಬೋಡೆನ್ ಕಂಪನಿಯೂ ಈ ಊರಿನದ್ದೇ. ಮಿಲಾನಿನ ಪಾಲಿಟೆಕ್ನಿಕ್‌ನಲ್ಲಿ ಕಲಿಸುತ್ತಿದ್ದ ಮಾರಿಯೊ ಗಾಯಾ ಅದನ್ನು 1980ರಲ್ಲಿ ಕಟ್ಟಿದರು. ಅಂದರೆ ಅಜ್ಜ ಆಕಾಶವನ್ನು ಕಾಯಿಸುತ್ತಿದ್ದ ದಿನಗಳಲ್ಲೇ ಆ ಬಿಸಿಯನ್ನು ಹಿಡಿಯುವ ಯಂತ್ರದ ಕನಸು ಹತ್ತಿರದಲ್ಲೆಲ್ಲೋ ಕಾಗದದ ಮೇಲಿತ್ತು.

ಲೆಕ್ಕ ನೋಡಿದಾಗ ಮೊದಲು ನಿರಾಸೆಯಾಯಿತು. ಚಳಿಗಾಲದಲ್ಲಿ 10 ಮೆಗಾವಾಟ್ ಬಿಸಿ ಕೊಡುವ ವ್ಯವಸ್ಥೆ ಬೇಸಗೆಯಲ್ಲಿ ಕೊಡುವ ವಿದ್ಯುತ್ 1.8 ಮೆಗಾವಾಟ್ ಮಾತ್ರ. ಉಳಿದದ್ದು ಮತ್ತೆ ಗಾಳಿಗೆ. ಬಿಸಿಯಿಂದ ಓಡುವ ಯಂತ್ರಗಳ ಈ ಮಿತಿಯನ್ನು ಫ್ರಾನ್ಸಿನ ಎಂಜಿನಿಯರ್ ಸಾದಿ ಕಾರ್ನೊ 1824ರಲ್ಲಿಯೇ ತೋರಿಸಿದ್ದರು. 200 ಡಿಗ್ರಿಯ ಬಿಸಿ, 30 ಡಿಗ್ರಿಯ ಹೊರಗಾಳಿ ಇದ್ದರೆ ದೋಷವೇ ಇಲ್ಲದ ಯಂತ್ರಕ್ಕೂ ನೂರರಲ್ಲಿ 36 ಪಾಲಿಗಿಂತ ಹೆಚ್ಚು ದಕ್ಕದು. ಮನುಷ್ಯ ಕಟ್ಟಿದ ಯಂತ್ರಕ್ಕೆ ಅದರ ಅರ್ಧ ದಕ್ಕಿದರೆ ದೊಡ್ಡದು. ಹಾಗಾಗಿ ಬಿಸಿಯನ್ನು ಬಿಸಿಯಾಗಿಯೇ ಬಳಸಲು ಯಾರಾದರೂ ಇದ್ದರೆ ಅವರಿಗೆ ಮೊದಲು ಕೊಡಬೇಕು. ಬೇಕಾದವರಿಲ್ಲ ಎಂದಾದಾಗ ಟರ್ಬೈನು. ಬ್ರೆಶಿಯಾದವರು ಮಾಡಿರುವುದು ಇದನ್ನೇ, ಋತು ನೋಡಿ ಬಿಸಿಯ ದಾರಿ ಬದಲಿಸುತ್ತಾರೆ. ಇದು ತಿಳಿದ ಮೇಲೆ 1.8 ಎಂಬ ಅಂಕಿ ಸಣ್ಣದಾಗಿ ಕಾಣಲಿಲ್ಲ. ಮೊದಲು ಅಲ್ಲಿ ಸೊನ್ನೆ ಇತ್ತು.

ಆ ರಾತ್ರಿ ಮಲಗಿದಾಗ ನನಗೆ ಮಳೆಗಾಲದ ವಾಸನೆ ಬಂದಂತಾಯಿತು. ಹಸಿ ಜೇಡಿಮಣ್ಣಿನ ವಾಸನೆ, ಅದರ ಜೊತೆ ಒದ್ದೆ ಸೌದೆಯ ಹೊಗೆ.

ನನ್ನ ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಬೆಂಕಿ ನೋಡುವ ಕೆಲಸದಲ್ಲಿದ್ದರು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ನದಿದಂಡೆಗಳಲ್ಲಿ ಎದ್ದ ಹಲವು ಕಾರ್ಖಾನೆಗಳಲ್ಲಿ ಅದೂ ಒಂದು. ಕರಾವಳಿಯ ಮಳೆಯಲ್ಲಿ ಹಸಿ ಹೆಂಚು ಒಣಗುವುದು ಸುಲಭವಲ್ಲ. ಒಣಗದೆ ಸುಟ್ಟರೆ ಬಿರುಕು ಬಿಡುತ್ತದೆ. ಅದಕ್ಕೆಂದು ಹೆಂಚು ಸುಡುವ ಗೂಡಿನ ಮೇಲೆಯೇ ಮರದ ಅಟ್ಟವಿತ್ತು. ಸಾಲು ಸಾಲು ಮರದ ಚೌಕಟ್ಟುಗಳಲ್ಲಿ ಹಸಿ ಹೆಂಚು ಜೋಡಿಸಿರುತ್ತಿದ್ದರು. ಕೆಳಗೆ ಸುಡುವ ಹೆಂಚಿನ ಬಿಸಿ ಮೇಲೆ ಏರಿ, ನಾಳೆ ಸುಡಬೇಕಾದ ಹೆಂಚನ್ನು ಒಣಗಿಸುತ್ತಿತ್ತು. ಒಂದು ಕಡ್ಡಿ ಸೌದೆ ಹೆಚ್ಚಿಗೆ ಬೇಕಾಗಿರಲಿಲ್ಲ.

ಆ ಅಟ್ಟ ನನ್ನ ಬಾಲ್ಯದ ಅತ್ಯಂತ ಸುಖದ ಜಾಗ. ಆಷಾಢದ ಮಳೆಯಲ್ಲಿ ಸಮವಸ್ತ್ರ ಮೂರು ದಿನವಾದರೂ ಒಣಗುತ್ತಿರಲಿಲ್ಲ. ಅಮ್ಮ ಅದನ್ನು ಹಿಂಡಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನನ್ನನ್ನು ಅಟ್ಟಕ್ಕೆ ಓಡಿಸುತ್ತಿದ್ದರು. ಹೆಂಚು ಹೊರುವ ಹೆಂಗಸರು ತಮ್ಮ ಕೊಡೆಗಳನ್ನೂ ಮಕ್ಕಳ ಬಟ್ಟೆಗಳನ್ನೂ ಚೌಕಟ್ಟಿನ ತುದಿಗಳಿಗೆ ತೂಗುಹಾಕಿರುತ್ತಿದ್ದರು. ಮೇಸ್ತ್ರಿ ಬಂದರೆ ಎಲ್ಲವೂ ಒಂದು ಕ್ಷಣದಲ್ಲಿ ಮಾಯ, ಅವರು ಹೋದ ಕೂಡಲೇ ಮತ್ತೆ ಹಾಜರು. ಬರಿಗಾಲಿಗೆ ಹಲಗೆ ಬೆಚ್ಚಗೆ ತಾಗುತ್ತಿತ್ತು. ಮಾಡಿನ ಮೇಲೆ ಮಳೆ ಸುರಿಯುತ್ತಿರುವಾಗ ಹಲಗೆಯ ಮೇಲೆ ಮಗ್ಗಿ ಬಾಯಿಪಾಠ ಮಾಡುತ್ತ ಎಷ್ಟೋ ಸಲ ನಿದ್ದೆ ಹೋಗಿದ್ದೇನೆ. ಅಪ್ಪ ಪಾಳಿ ಮುಗಿಸಿ ಬಂದು ಎಬ್ಬಿಸುತ್ತಿದ್ದರು. ಅವರ ಕೈ ಸದಾ ಒಣಗಿ ಬಿರಿದಿರುತ್ತಿತ್ತು.

ಆ ಅಟ್ಟ ಕಟ್ಟಿದವರಿಗೆ ಕಾರ್ನೊ ಗೊತ್ತಿದ್ದರೋ ಇಲ್ಲವೋ, ಬಿಸಿ ಗೊತ್ತಿತ್ತು. ಈಗ ಆ ಕಾರ್ಖಾನೆ ಇಲ್ಲ. ಕಾಂಕ್ರೀಟ್ ತಾರಸಿ ಬಂದ ಮೇಲೆ ಹೆಂಚು ಕೇಳುವವರು ಕಡಿಮೆಯಾದರು, ಮಣ್ಣೂ ಸೌದೆಯೂ ದುಬಾರಿಯಾದವು. ಒಂದೊಂದಾಗಿ ಬಾಗಿಲು ಮುಚ್ಚಿದವು. ಅಟ್ಟದ ಮರ ಹರಾಜಾಯಿತು. ಚಿಮಣಿ ಉಳಿದಿದೆ.

ನನಗೆ ನೋವಾಗುವುದು ಕಾರ್ಖಾನೆ ಹೋಯಿತೆಂದಲ್ಲ, ಆ ಕಣ್ಣು ಹೋಯಿತೆಂದು. ಹಿಂದಿನ ಸಲ ಊರಿಗೆ ಹೋದಾಗ ತಮ್ಮನ ಬಹುಮಹಡಿ ಕಟ್ಟಡದಲ್ಲಿದ್ದೆ. ಬೆಳಿಗ್ಗೆ ಕರೆಂಟು ಹೋಯಿತು, ಕೆಳಗೆ ಡೀಸೆಲ್ ಜನರೇಟರ್ ಗುಡುಗಿತು. ಜನರೇಟರ್ ಕುಡಿಯುವ ಡೀಸೆಲ್‌ನ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿಯೇ ಹೋಗುತ್ತದೆ. ಆ ಬಿಸಿಯನ್ನು ಕೊಳವೆಯೊಂದು ಹಿತ್ತಿಲ ಗೋಡೆಗೆ ಉಗುಳುತ್ತಿತ್ತು, ಸುಣ್ಣ ಸುಟ್ಟು ಕಪ್ಪಾಗಿತ್ತು. ಅದೇ ಗೋಡೆಯ ಆಚೆ ಬದಿಯಲ್ಲಿ ಕಾವಲುಗಾರನ ಹೆಂಡತಿ ಮೂರು ಕಲ್ಲು ಹೂಡಿ, ತೆಂಗಿನ ಗರಿ ಉರಿಸಿ, ಮಕ್ಕಳ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಳು. ಒಂಬತ್ತು ಇಂಚಿನ ಗೋಡೆ ನಡುವೆ. ಅಂದು ನಾನೂ ಅದನ್ನು ನೋಡಿಕೊಂಡೇ ಕಾರು ಹತ್ತಿದೆ. ಅಜ್ಜನ ಮಾತು ಕೇಳಿದ ಮೇಲೆ ಆ ಗೋಡೆ ಮತ್ತೆ ಮತ್ತೆ ಕಣ್ಣೆದುರು ಬರುತ್ತಿದೆ. ಅಲ್ಲಿ ಟರ್ಬೈನು ಬೇಕಾಗಿಲ್ಲ. ಹೊಗೆ ಹಾಯುವಲ್ಲಿ ನೀರಿನ ಕೊಳವೆ ಸುತ್ತಿದ ಒಂದು ಡ್ರಮ್ ಸಾಕು.

ದೊಡ್ಡ ಕಡೆಗಳಲ್ಲಿ ನಮ್ಮವರು ಹಿಂದೆ ಬಿದ್ದಿಲ್ಲ, ಅದನ್ನೂ ಹೇಳಲೇಬೇಕು. ದೇಶದ ಅನೇಕ ಸಿಮೆಂಟ್ ಕಾರ್ಖಾನೆಗಳು ಗೂಡಿನ ಹೊಗೆಯಿಂದ ತಮ್ಮ ವಿದ್ಯುತ್ತಿನ ಒಂದು ಪಾಲನ್ನು ತಾವೇ ಮಾಡಿಕೊಳ್ಳುತ್ತಿವೆ. ಮನೆ ಬೆಚ್ಚಗೆ ಮಾಡಬೇಕಾದ ಚಳಿಗಾಲ ನಮ್ಮ ಕರ್ನಾಟಕಕ್ಕಿಲ್ಲ, ಬ್ರೆಶಿಯಾದ ಬೇಸಗೆಯ ದಾರಿ ನಮಗೆ ವರ್ಷವಿಡೀ ತೆರೆದಿದೆ. ಹೊರಗಾಳಿ ಬಿಸಿಯಾಗಿರುವ ಊರಿನಲ್ಲಿ ಆವಿಯನ್ನು ತಣಿಸುವುದು ಕಷ್ಟ, ಟರ್ಬೈನು ಸ್ವಲ್ಪ ಕಡಿಮೆ ಕೊಡುತ್ತದೆ. ಕೊಡಲಿ. ಸಣ್ಣ ಫೌಂಡ್ರಿಗಳಿಗೆ, ಇಟ್ಟಿಗೆ ಗೂಡುಗಳಿಗೆ ಇಂಥ ಯಂತ್ರದ ಬಂಡವಾಳ ಹೊರಲಾರದ ಹೊರೆ. ಅವರು ಅಟ್ಟವನ್ನಾದರೂ ಮರಳಿ ಕಟ್ಟಬಹುದು.

ಅಪ್ಪನ ಅಟ್ಟದ ಕಥೆಯನ್ನು ಕೆಳಮನೆಯ ಅಜ್ಜನಿಗೆ ಹೇಳಿದೆ. ಚಿತ್ರ ಇದೆಯೇ ಎಂದು ಕೇಳಿದರು. ತಮ್ಮ ಕಳಿಸಿದ ಚಿತ್ರದಲ್ಲಿ ಚಿಮಣಿ, ಅದರ ಬಿರುಕಿನಲ್ಲಿ ಬೇರುಬಿಟ್ಟ ಅಶ್ವತ್ಥದ ಸಸಿ, ಸುತ್ತ ಪೊದೆ. ಅವರು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ಹೆಂಚು ಎಲ್ಲಿ ಒಣಗುತ್ತಿತ್ತು?” ಎಂದರು. ಚಿತ್ರದಲ್ಲಿ ಇಲ್ಲದ ಅಟ್ಟವನ್ನು ನಾನು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದೆ. “ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ಹೇಳಿ,” ಎಂದರು.

ಇಲ್ಲಿ ಅಕ್ಟೋಬರ್ 15ರಿಂದ ಏಪ್ರಿಲ್ 15ರವರೆಗೆ ಮನೆಗಳನ್ನು ಬೆಚ್ಚಗೆ ಮಾಡಲು ಅನುಮತಿ. ಈ ಸಲ ಆ ಬೆಳಿಗ್ಗೆ ಕಿಟಕಿಯಾಚೆ ಮಂಜು ಕವಿದಿತ್ತು. ಗೋಡೆಯೊಳಗೆ ಕೊಳವೆ ಎರಡು ಸಲ ಟಕಟಕ ಎಂದಿತು, ಆಮೇಲೆ ಸಣ್ಣಗೆ ನೀರು ಹರಿಯುವ ಸದ್ದು. ಮಗಳು ರೇಡಿಯೇಟರಿಗೆ ಅಂಗೈ ಒತ್ತಿ ನಿಂತಿದ್ದಳು. ಅಪ್ಪನಿಗೆ ಫೋನ್ ಮಾಡಿ, ಕೆಳಮನೆಯವರ ನಮಸ್ಕಾರ ತಿಳಿಸಿದೆ. ಕುಲುಮೆಯ ಬಿಸಿ ಬಂದಿದೆ ಎಂದೆ. ಅವರಿಗೆ ಸರಿಯಾಗಿ ಕೇಳಿಸಲಿಲ್ಲ. ಮಗಳು ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡು ಕೊಳವೆಗೆ ಆನಿಸಿ ಹಿಡಿದಳು.

“ಅಜ್ಜ, ಕೇಳಿಸುತ್ತಿದೆಯಾ?”

ಆ ಕಡೆಯಿಂದ ಸ್ವಲ್ಪ ಹೊತ್ತು ಉಸಿರು ಮಾತ್ರ. ಆಮೇಲೆ ಅಪ್ಪನ ದನಿ: “ಕೇಳಿಸುತ್ತಿದೆ ಮಗಾ. ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೋ.”