ಯಾರು ಬೇಕು, ಯಾರು ಬೇಡ

'ಅವರು ಬರಬಾರದು, ಅದಕ್ಕೇ ಇವರಿಗೆ ಓಟು' ಅನ್ನುವ ಮಾತು ಈಗ ಜಾಸ್ತಿ ಕೇಳಿಸುತ್ತಿದೆ. ನನಗೆ ಬೇಸರವಾಗುತ್ತದೆ.

1984ರ ಡಿಸೆಂಬರ್‌ನಲ್ಲಿ ನಮ್ಮ ರಾಜ್ಯದ ಜನ ಲೋಕಸಭೆಯ 28ರಲ್ಲಿ 24 ಸೀಟು ಕಾಂಗ್ರೆಸ್‌ಗೆ ಕೊಟ್ಟರು. ಇಂದಿರಾ ಹತ್ಯೆಯ ಅನುಕಂಪವೂ ಇತ್ತು, ನಿಜ. ಆಗ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ವಿಧಾನಸಭೆ ವಿಸರ್ಜಿಸಿ ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಜನ ಅವರ ಜನತಾ ಪಕ್ಷಕ್ಕೆ 139 ಸೀಟು ಕೊಟ್ಟರು! ಬರೀ ದ್ವೇಷದಿಂದ ಓಟು ಹಾಕುವವರು ಹೀಗೆ ದಿಲ್ಲಿಗೊಬ್ಬರು, ಬೆಂಗಳೂರಿಗೊಬ್ಬರು ಅಂತ ತೂಗಿ ನೋಡುತ್ತಾರಾ?

2023ರ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ಸನ್ನು ಗೆಲ್ಲಿಸಿದ್ದು ಅದರ ಗ್ಯಾರಂಟಿ ಭರವಸೆಗಳಾ, ಬಿಜೆಪಿ ಸರ್ಕಾರದ ಮೇಲಿದ್ದ 40 ಪರ್ಸೆಂಟ್ ಕಮಿಷನ್ ಆರೋಪದ ಸಿಟ್ಟಾ? ಎರಡೂ ಇತ್ತು ಅನಿಸುತ್ತದೆ. ಆದರೆ ನಮ್ಮ ಬೀದಿಯ ಹೆಂಗಸರು ಗ್ಯಾರಂಟಿ ಕಾರ್ಡನ್ನು ರೇಷನ್ ಕಾರ್ಡ್ ಜೊತೆ ಜೋಪಾನವಾಗಿ ಇಟ್ಟುಕೊಂಡಿದ್ದರು. ಮನೆಯೊಡತಿಗೆ ತಿಂಗಳಿಗೆ ಕೊಡುತ್ತೇವೆ ಅಂದ 2,000 ರೂಪಾಯಿ ಯಾವಾಗಿಂದ, ಯಾರ ಖಾತೆಗೆ ಅಂತ ಓಟು ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಿದ್ದರು. ಎಲ್ಲ ಪಕ್ಷದವರನ್ನೂ ಹೀಗೇ ಕೇಳಬೇಕು, ಅಲ್ವಾ?