ಹೊಟ್ಟೆಯ ಪರೀಕ್ಷೆ ಕೆಡುವುದು ಮನೆಯಲ್ಲೇ

18 ಜುಲೈ 2024, ಗುರುವಾರ
ತೀರ್ಥಹಳ್ಳಿ

ಪುನರ್ವಸು ಮಳೆ ಮುಗಿಯುತ್ತ ಬಂತು. ಗದ್ದೆಯಲ್ಲಿ ನೆಟ್ಟಿ, ಒಲೆಯ ಮೇಲೆ ಕಳಲೆ, ಪತ್ರೊಡೆ, ಹಲಸಿನ ಬೀಜದ ಹುಳಿ. ಹೊಟ್ಟೆಯ ದೂರುಗಳಿಗೂ ಇದೇ ಸುಗ್ಗಿ. ಬೆಳಗಿನ ಮೊದಲ ಬಸ್ಸು ಹಿಡಿದು ಅರವತ್ತು ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಹೋಗಿ, 'ಇವತ್ತು ಆಗಲ್ಲ, ಇನ್ನೊಂದು ದಿನ ಬನ್ನಿ' ಎನ್ನಿಸಿಕೊಂಡು ವಾಪಸಾಗುವವರಿದ್ದಾರೆ. ಅದಕ್ಕಿಂತ ಕಷ್ಟ, ಪರೀಕ್ಷೆ ಮುಗಿಸಿ ತಪ್ಪು ರಿಪೋರ್ಟ್ ಹಿಡಿದು ನೆಮ್ಮದಿಯಿಂದ ಮನೆಗೆ ಬರುವವರದು. ಎರಡಕ್ಕೂ ಕಾರಣ ಹೆಚ್ಚಾಗಿ ಯಂತ್ರವಲ್ಲ, ಪರೀಕ್ಷೆಯ ಮುಂಚಿನ ದಿನಗಳಲ್ಲಿ ಹೊಟ್ಟೆಗೆ ಹೋದದ್ದು. ಹಾಗಾಗಿ ಇವತ್ತಿನ ಪುಟ ಅದಕ್ಕೇ ಮೀಸಲು.

ಶುರು ಮಾಡುವ ಮುಂಚೆ ಒಂದು ಎಚ್ಚರಿಕೆ. ಎದೆಯ ನಡುವೆ ಹಿಂಡಿದ ಹಾಗೆ ನೋವು, ಬೆವರು, ಎಡಗೈಗೋ ದವಡೆಗೋ ಹರಡುವ ಸಂಕಟ ಇದ್ದರೆ ಅದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿಯುತ್ತ ಕೂರಬಾರದು. ಆಸ್ಪತ್ರೆ ಮುಟ್ಟಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಮೊದಲ ಇಸಿಜಿ ಸರಿಯಿದ್ದ ಮಾತ್ರಕ್ಕೆ ಹೃದಯ ಸರಿಯಿದೆ ಎಂದಲ್ಲ. ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೊಪೋನಿನ್ ರಕ್ತಪರೀಕ್ಷೆಯನ್ನು ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ಮಾಡಬೇಕಾಗುತ್ತದೆ. ಮಧುಮೇಹ ಇರುವವರಲ್ಲಿ ನೋವೇ ಇಲ್ಲದೆ ಬರೀ ಹೊಟ್ಟೆ ತೊಳಸಿದಂತೆ ಆಗಿ ಹೃದಯಾಘಾತವಾಗುವುದುಂಟು.

ಇನ್ನು ಸ್ಕ್ಯಾನಿಂಗ್. ಹೊಟ್ಟೆಯ ಅಲ್ಟ್ರಾಸೌಂಡ್‌ಗೆ 6ರಿಂದ 8 ಗಂಟೆ ಖಾಲಿ ಹೊಟ್ಟೆ ಬೇಕು. ಉಪವಾಸವಿದ್ದಾಗ ಪಿತ್ತಕೋಶ ಪಿತ್ತರಸ ತುಂಬಿಕೊಂಡು ಉಬ್ಬಿರುತ್ತದೆ. ಒಳಗೆ ಕಲ್ಲಿದ್ದರೆ ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಕಾಣುತ್ತದೆ, ಅದರ ಹಿಂದೆ ನೆರಳು ಬೀಳುತ್ತದೆ, ಮಗ್ಗುಲು ಬದಲಿಸಿದರೆ ಕಲ್ಲು ಉರುಳುತ್ತದೆ. ಉರುಳದೆ ಗೋಡೆಗೇ ಅಂಟಿಕೊಂಡಿದ್ದರೆ ಪಾಲಿಪ್ (ಒಳಪೊರೆಯಲ್ಲಿ ಬೆಳೆದ ಸಣ್ಣ ಗಂಟು) ಇರಬಹುದು. ಏನಾದರೂ ತಿಂದರೆ, ಅದರಲ್ಲೂ ಕೊಬ್ಬಿನಂಶ ಹೋದರೆ, ಪಿತ್ತಕೋಶ ಹಿಂಡಿಕೊಂಡು ಮುದುಡುತ್ತದೆ, ಆಗ ಈ ಯಾವುದೂ ತಿಳಿಯುವುದಿಲ್ಲ. 'ಬರೀ ಒಂದು ಲೋಟ ಕಾಫಿ ಕುಡಿದೆ ಅಷ್ಟೇ' ಅನ್ನುತ್ತಾರೆ. ಆ ಕಾಫಿಗೆ ಹಾಕಿದ ಹಾಲಿನ ಕೊಬ್ಬು ಸಾಕು. ಬಿಪಿ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಬಹುದು. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಮಾತ್ರ ಉಪವಾಸದಲ್ಲಿ ಹೇಗೆಂದು ಮೊದಲೇ ಕೇಳಿಕೊಳ್ಳಬೇಕು, ಇಲ್ಲವಾದರೆ ಬಸ್ಸಿನಲ್ಲೇ ಸಕ್ಕರೆ ಇಳಿದು ತಲೆ ತಿರುಗೀತು.

ಹಿಂದಿನ ರಾತ್ರಿ ಹಲಸಿನ ಬೀಜ, ಕಡಲೆ, ಎಲೆಕೋಸು ಬೇಡ. ಹಲಸಿನ ಬೀಜದ ಪಿಷ್ಟದಲ್ಲಿ ಒಂದು ಪಾಲು ಸಣ್ಣ ಕರುಳಿನಲ್ಲಿ ಅರಗದೆ ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ಅಲ್ಟ್ರಾಸೌಂಡ್ ಅಲೆಗಳಿಗೆ ಗ್ಯಾಸಿನ ಆಚೆ ದಾರಿಯಿಲ್ಲ. ಮೇದೋಜೀರಕ ಗ್ರಂಥಿ ಹೊಟ್ಟೆಯ ಹಿಂಭಾಗದಲ್ಲಿದ್ದು ಮೊದಲು ಮರೆಯಾಗುವುದು ಅದೇ. ರಿಪೋರ್ಟಿನಲ್ಲಿ 'ಗ್ಯಾಸಿನಿಂದಾಗಿ ಕಾಣಲಿಲ್ಲ' ಎಂದಿದ್ದರೆ ಅದರರ್ಥ ಗ್ರಂಥಿ ಚೆನ್ನಾಗಿದೆ ಎಂದಲ್ಲ. ಪಿತ್ತನಾಳದ ಕೆಳತುದಿಯೂ ಹೀಗೇ ತಪ್ಪಿಸಿಕೊಳ್ಳುತ್ತದೆ. ಪಿತ್ತಕೋಶದ ಕಲ್ಲನ್ನು ಹಿಡಿಯುವಲ್ಲಿ ಸ್ಕ್ಯಾನಿಂಗ್ ಗಟ್ಟಿಗ, ನಾಳದೊಳಗೆ ಜಾರಿದ ಕಲ್ಲಿನ ಮಟ್ಟಿಗೆ ಅಷ್ಟು ನಂಬಿಕೆಗೆ ಅರ್ಹವಲ್ಲ. ನಾಳ 6 ಮಿ.ಮೀ.ಗಿಂತ ಅಗಲವಾಗಿದ್ದು ರಕ್ತದಲ್ಲಿ ಬಿಲಿರುಬಿನ್ (ಕಾಮಾಲೆಯ ಹಳದಿ ಅಂಶ) ಏರಿದ್ದರೆ ಎಂಆರ್‌ಸಿಪಿ, ಅಂದರೆ ಪಿತ್ತನಾಳದ ಎಂಆರ್‌ಐ ಸ್ಕ್ಯಾನ್, ಬೇಕಾಗುತ್ತದೆ. ಹಾಗೇ, ಯಾವ ನೋವೂ ಇಲ್ಲದವರಿಗೆ ಬೇರೇನನ್ನೋ ನೋಡುವಾಗ ಕಲ್ಲು ಸಿಕ್ಕಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಿಲ್ಲ. ಬಲಪಕ್ಕೆಯ ಕೆಳಗೆ ಊಟದ ನಂತರ ಎದ್ದು ಬಲ ಭುಜದ ಕಡೆಗೆ ಸರಿಯುವ, ಅರ್ಧ ಗಂಟೆಗೂ ಮಿಕ್ಕಿ ನಿಲ್ಲುವ ನೋವಿದ್ದರೆ ಮಾತು ಬೇರೆ.

ಸ್ಕ್ಯಾನಿಂಗ್ ಮೇಲಿನ ಅತಿ ನಂಬಿಕೆ ಹೆಚ್ಚು ಅನಾಹುತ ಮಾಡುವುದು ಹುಣ್ಣಿನ ವಿಷಯದಲ್ಲಿ. ಜಠರದ, ಡ್ಯುವೋಡಿನಮ್‌ನ (ಸಣ್ಣ ಕರುಳಿನ ಮೊದಲ ಭಾಗದ) ಹುಣ್ಣು ಅಲ್ಟ್ರಾಸೌಂಡ್‌ನಲ್ಲಿ ಕಾಣುವುದಿಲ್ಲ. ಸ್ಕ್ಯಾನ್ ನಾರ್ಮಲ್ ಎಂದು ಬಂದ ಮೇಲೂ ಊಟ ಕೆಳಗಿಳಿಯುವಾಗ ತಡೆದಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ವಾಂತಿ, ರಕ್ತಹೀನತೆ, ಡಾಂಬರಿನಂಥ ಕಪ್ಪು ಮಲ ಇದ್ದರೆ ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾದ ನಳಿಕೆ ಇಳಿಸಿ ನೋಡುವುದು) ಮುಂದೂಡಬಾರದು. ತೋಟದ ಕೆಲಸದ ಮೈಕೈ ನೋವಿಗೆ ಅಂಗಡಿಯಲ್ಲಿ ಬಿಡಿ ಮಾತ್ರೆ ಕೊಂಡು ನುಂಗುವ ರೂಢಿ ಇದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಡೈಕ್ಲೋಫಿನಾಕ್, ಐಬುಪ್ರೊಫೇನ್ ಥರದ ನೋವಿನ ಮಾತ್ರೆಗಳು ಜಠರದ ಒಳಪೊರೆಯನ್ನು ಕಾಯುವ ಪ್ರೋಸ್ಟಾಗ್ಲಾಂಡಿನ್‌ಗಳನ್ನು ತಡೆಯುತ್ತವೆ. ಹುಣ್ಣಿನ ಎರಡು ದೊಡ್ಡ ಕಾರಣಗಳಲ್ಲಿ ಇದೂ ಒಂದು. ಇನ್ನೊಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಅದನ್ನು ತೋರಿಸಿಕೊಟ್ಟ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್‌ಗೆ 2005ರಲ್ಲಿ ನೊಬೆಲ್ ಬಂತು. ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಜಠರದ ಉರಿಯೂತ ಬರಿಸಿಕೊಂಡ ಪುಣ್ಯಾತ್ಮ.

ಎಂಡೋಸ್ಕೋಪಿಗೆ ಗಟ್ಟಿ ಆಹಾರ ಬಿಟ್ಟು 6ರಿಂದ 8 ಗಂಟೆ, ತಿಳಿನೀರು ಬಿಟ್ಟು 2 ಗಂಟೆ. ಗಂಟಲಿಗೆ ಮರವು ಬರುವ ಸ್ಪ್ರೇ ಹೊಡೆಯುತ್ತಾರೆ, ನೋಡುವುದು ಹತ್ತು ನಿಮಿಷದ ಒಳಗೆ ಮುಗಿಯುತ್ತದೆ, ಸ್ಪ್ರೇ ಬಿಡುವವರೆಗೆ ಏನೂ ಕುಡಿಯಬಾರದು, ನೆತ್ತಿಗೇರುತ್ತದೆ. ಕಟ್ಟಿಸಿದ ಹಲ್ಲು ತೆಗೆದಿಡಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಬೇಡ, ಆದರೆ ಮೊದಲೇ ತಿಳಿಸಿರಬೇಕು. ನಮ್ಮ ಕಡೆ ಇನ್ನೊಂದು ತೊಡಕಿದೆ. ವರ್ಷಗಟ್ಟಲೆ ಅಡಿಕೆ ಜಗಿದವರ ಕೆನ್ನೆಯ ಒಳಭಾಗ ನಾರುಗಟ್ಟಿ ಬಾಯಿ ತೆರೆಯಲಾಗದ ಸ್ಥಿತಿ ಬರುತ್ತದೆ. ತಮ್ಮದೇ ಮೂರು ಬೆರಳು ನೆಟ್ಟಗೆ ಜೋಡಿಸಿ ಹಲ್ಲುಗಳ ನಡುವೆ ತೂರಿಸಿ ನೋಡಬೇಕು. ಹೋಗದಿದ್ದರೆ ದಿನ ಗೊತ್ತುಮಾಡುವಾಗಲೇ ಹೇಳಬೇಕು. ಮಾಮೂಲಿ ಎಂಡೋಸ್ಕೋಪ್ ಸುಮಾರು 9 ಮಿ.ಮೀ. ದಪ್ಪ, ಜೊತೆಗೆ ಕಚ್ಚಿಕೊಳ್ಳುವ ಬಳೆ ಬೇರೆ. ಮೂಗಿನಿಂದ ಇಳಿಸುವ ಸಪೂರ ಸ್ಕೋಪ್ ಎಲ್ಲ ಕಡೆ ಇರುವುದಿಲ್ಲ. ಅಡಿಕೆಯಿಂದಲೇ ಹೊಟ್ಟೆ ಹೊರೆಯುವ ಊರಲ್ಲಿ ಇದನ್ನು ಬರೆಯುವುದು ಇರುಸುಮುರುಸು, ಆದರೂ ಹೊಗೆಸೊಪ್ಪಿಲ್ಲದ ಎಲೆಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಕ್ಯಾನ್ಸರ್‌ಕಾರಕ ಎಂದು ಮೊದಲ ಗುಂಪಿಗೇ ಸೇರಿಸಿದೆ.

ಪೈಲೋರಿ ಪರೀಕ್ಷೆ ಹೆಚ್ಚಾಗಿ ಕೆಡುವುದು ಆಮ್ಲ ತಗ್ಗಿಸುವ ಮಾತ್ರೆಗಳಿಂದ: ಪ್ಯಾಂಟಾಪ್ರಜೋಲ್, ಒಮೆಪ್ರಜೋಲ್ ಗುಂಪು. ಇವು ಬ್ಯಾಕ್ಟೀರಿಯಾವನ್ನು ಪೂರ್ತಿ ಕೊಲ್ಲದೆ ಅದರ ಸಂಖ್ಯೆ ತಗ್ಗಿಸಿಬಿಡುತ್ತವೆ. ಆಗ ಬಯಾಪ್ಸಿ ಚೂರಿನ (ಎಂಡೋಸ್ಕೋಪಿಯಲ್ಲಿ ಪರೀಕ್ಷೆಗೆಂದು ತೆಗೆದ ತುಣುಕಿನ) ಯೂರಿಯೇಸ್ ಪರೀಕ್ಷೆಯ ಹಳದಿ ಬಣ್ಣ ಕೆಂಪಿಗೆ ತಿರುಗುವುದಿಲ್ಲ, ಉಸಿರಿನ ಪರೀಕ್ಷೆ, ಮಲದ ಆಂಟಿಜೆನ್ ಪರೀಕ್ಷೆಗಳೂ ಸುಳ್ಳು ಹೇಳುತ್ತವೆ. ಆದ್ದರಿಂದ ವೈದ್ಯರನ್ನು ಕೇಳಿ 2 ವಾರ ಮೊದಲು ಈ ಮಾತ್ರೆ ನಿಲ್ಲಿಸಬೇಕು, ಆಂಟಿಬಯಾಟಿಕ್ ಮುಗಿದು 4 ವಾರ ಕಳೆದಿರಬೇಕು. ನಡುವೆ ಉರಿ ತಡೆಯದಿದ್ದರೆ ದ್ರವದ ಆಂಟಾಸಿಡ್ ನಡೆಯುತ್ತದೆ. ರಕ್ತದಲ್ಲಿನ ಪ್ರತಿಕಾಯ ನೋಡುವ ಪರೀಕ್ಷೆಗೆ ದುಡ್ಡು ಹಾಕುವುದು ದಂಡ: ಹಳೆಯ ಸೋಂಕು ವಾಸಿಯಾದ ಮೇಲೂ ಅದು ಪಾಸಿಟಿವ್ ತೋರಿಸುತ್ತಲೇ ಇರಬಹುದು. ಅಂದಹಾಗೆ ಈ ಪ್ರಜೋಲ್ ಮಾತ್ರೆಗಳು ಕೆಲಸ ಮಾಡುವುದು ಊಟಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ನುಂಗಿದರೆ. ಉಂಡು ಕೈತೊಳೆದು ನುಂಗಿ 'ಹತ್ತುತ್ತಿಲ್ಲ' ಎನ್ನುವವರಿಗೆ ಹೊಸ ಮಾತ್ರೆಗಿಂತ ಹೊಸ ಹೊತ್ತು ಬೇಕು.

ಮಲಪರೀಕ್ಷೆ ಅಗ್ಗದ್ದೆಂದು ಅಸಡ್ಡೆ. ಒಂದು ಗೋಟಡಿಕೆ ಗಾತ್ರದಷ್ಟು ಸಾಕು, ಆದರೆ ಮೂತ್ರವೂ ಕಮೋಡಿನ ನೀರೂ ಸೇರಿರಬಾರದು. ಸಿಂಬಳವೋ ರಕ್ತವೋ ಇರುವ ಭಾಗವನ್ನೇ ಆರಿಸಬೇಕು. ನೀರುನೀರಾದ ಭೇದಿಯಲ್ಲಿ ಚಲಿಸುವ ಅಮೀಬಾ ಕಾಣಬೇಕೆಂದರೆ ಅರ್ಧ ಗಂಟೆಯೊಳಗೆ ಸೂಕ್ಷ್ಮದರ್ಶಕದ ಕೆಳಗೆ ಇರಬೇಕು. ಹಳ್ಳಿಯಲ್ಲಿ ಬೆಳಿಗ್ಗೆ ತುಂಬಿದ ಡಬ್ಬಿ ಮಧ್ಯಾಹ್ನ ಪೇಟೆಯ ಲ್ಯಾಬ್ ಮುಟ್ಟಿದರೆ ಸಿಗುವುದು ಸತ್ತ ಕೋಶಗಳ ರಾಶಿ. ಲ್ಯಾಬಿನ ಹತ್ತಿರವೇ ಹೋಗಿ ಕೊಡುವುದು ಒಳ್ಳೆಯದು. ಒಂದು ಮಾದರಿಯಲ್ಲಿ ಸಿಗದಿದ್ದರೆ ದಿನ ಬಿಟ್ಟು ದಿನ ಒಟ್ಟು ಮೂರು. ಬರಿಗಾಲಲ್ಲಿ ಒದ್ದೆ ತೋಟ ಓಡಾಡುವವರಲ್ಲಿ ಕೊಕ್ಕೆಹುಳು ನೋಡಲೇಬೇಕು, ಮರಿ ಚರ್ಮ ಕೊರೆದು ಒಳಹೊಗುತ್ತದೆ. ಹಿಮೋಗ್ಲೋಬಿನ್ ಹೆಂಗಸರಲ್ಲಿ 12ರ ಕೆಳಗೆ, ಗಂಡಸರಲ್ಲಿ 13ರ ಕೆಳಗೆ ಇಳಿದು, ಇಯೊಸಿನೊಫಿಲ್ ಎಂಬ ಬಿಳಿರಕ್ತಕಣ ಏರಿದ್ದರೆ ಅನುಮಾನ ಗಟ್ಟಿ. ಅಲ್ಬೆಂಡಜೋಲ್ 400 ಮಿ.ಗ್ರಾಂ. ಒಂದು ಸಲ, ಜೊತೆಗೆ ಕಬ್ಬಿಣದ ಮಾತ್ರೆ. ಆದರೆ ಐವತ್ತು ದಾಟಿದವರಲ್ಲಿ ಹುಳು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸುವುದು ತಪ್ಪು. ರಕ್ತ ಬೇರೆಲ್ಲಾದರೂ ಸೋರುತ್ತಿದೆಯೇ ಎಂದು ಮೇಲಿನಿಂದಲೂ ಕೆಳಗಿನಿಂದಲೂ ಸ್ಕೋಪ್ ಹಾಕಿ ನೋಡಬೇಕು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದು ಗಟ್ಟಿ, ಹಸಿರುಗಪ್ಪು. ಹುಣ್ಣಿನ ರಕ್ತದ್ದು ಹೊಳೆಯುತ್ತದೆ, ಅಂಟುತ್ತದೆ, ದುರ್ನಾತ ಹೊಡೆಯುತ್ತದೆ.

ಕಾಮಾಲೆಯ ಕಾಲವೂ ಇದೇ. ಬಾವಿಗೆ ಹೊರಗಿನ ನೀರು ನುಗ್ಗಿದ ಎರಡರಿಂದ ಎಂಟು ವಾರಗಳ ಮೇಲೆ ಹೆಪಟೈಟಿಸ್ ಎ, ಇ ಕಾಣಿಸಿಕೊಳ್ಳುತ್ತವೆ. ನಾಟಿ ಔಷಧಿಗೆ ಹೆಸರು ಬರುವುದು ಈ ಎರಡೂ ಸಾಮಾನ್ಯವಾಗಿ ತಾವೇ ವಾಸಿಯಾಗುವುದರಿಂದ. ತೊಂದರೆ ಇರುವುದು ಹಳದಿಯಾದದ್ದೆಲ್ಲ ಇವೆರಡೇ ಅಲ್ಲ ಎನ್ನುವಲ್ಲಿ. ಮಲ ಬಿಳಿಚಿ ಮೈ ತುರಿಸುತ್ತಿದ್ದರೆ ಪಿತ್ತನಾಳ ಕಟ್ಟಿದೆಯೇ ಎಂದು ಸ್ಕ್ಯಾನ್. ನೆಟ್ಟಿಗದ್ದೆಗೆ ಇಳಿದವರಿಗೆ ಜ್ವರ, ಕೆಂಗಣ್ಣು, ಮೀನಖಂಡದ ನೋವಿನ ಜೊತೆ ಹಳದಿ ಬಂದರೆ ಇಲಿಜ್ವರ: ಅದರಲ್ಲಿ ಬಿಲಿರುಬಿನ್ ಬಹಳ ಏರಿ ಎಎಲ್‌ಟಿ (ಯಕೃತ್ತಿನ ಕಿಣ್ವ) ಸ್ವಲ್ಪವೇ ಏರುತ್ತದೆ, ವೈರಲ್ ಹೆಪಟೈಟಿಸ್‌ನಲ್ಲಿ ಎಎಲ್‌ಟಿ ಸಾವಿರದ ಲೆಕ್ಕಕ್ಕೆ ಹೋಗಬಹುದು. ಮೂತ್ರಪಿಂಡಕ್ಕೆ ಕ್ರಿಯಾಟಿನಿನ್ ನೋಡಬೇಕು. ಇಲಿಜ್ವರದ ಐಜಿಎಂ ಪ್ರತಿಕಾಯ ಪರೀಕ್ಷೆ ಮೊದಲ ಐದಾರು ದಿನ ನೆಗೆಟಿವ್ ಇರಬಹುದು, ಹಾಗಾಗಿ ಔಷಧಿ ಅದಕ್ಕೆ ಕಾಯಬಾರದು. ಮಾತು ತೊದಲುವುದು, ಮಂಪರು, ಪಿಟಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಹೊತ್ತು) ಏರಿಕೆ ಇದ್ದರೆ ಅದೇ ದಿನ ದೊಡ್ಡಾಸ್ಪತ್ರೆ. ಬಸುರಿಯರಲ್ಲಿ ಹೆಪಟೈಟಿಸ್ ಇ ಪ್ರಾಣಾಂತಿಕವಾಗಬಲ್ಲದು, ನಾಟಿ ಔಷಧಿಯ ಪ್ರಯೋಗಕ್ಕೆ ಅಲ್ಲಿ ಜಾಗವಿಲ್ಲ. ಬೇಸಿಗೆಯ ಕಡೆ ಇಂಥದೇ ಗೊಂದಲ ಮಂಗನ ಕಾಯಿಲೆಯದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ವಾಂತಿಭೇದಿಯನ್ನೂ ತರುತ್ತದೆ. ಕಾಡಿಗೆ ಹೋಗಿಬಂದದ್ದನ್ನು ಹೇಳದಿದ್ದರೆ ಬರೀ ಹೊಟ್ಟೆಯ ಕಾಯಿಲೆಯಾಗಿ ದಿನ ಕಳೆದುಹೋಗುತ್ತದೆ.

ಐಬಿಎಸ್‌ಗೆ, ಅಂದರೆ ಹುಣ್ಣು, ಗಡ್ಡೆ ಏನೂ ಇಲ್ಲದೆ ಕರುಳು ಕಾಡುವ ತೊಂದರೆಗೆ, ಯಾವ ಯಂತ್ರವೂ ಇಲ್ಲ. ಕಳೆದ ಮೂರು ತಿಂಗಳಲ್ಲಿ ವಾರಕ್ಕೊಂದು ದಿನವಾದರೂ ಹೊಟ್ಟೆನೋವು, ಅದು ಮಲವಿಸರ್ಜನೆಗೆ, ಅದರ ಸಲಗಳ ಏರುಪೇರಿಗೆ ಅಥವಾ ಮಲದ ರೂಪಕ್ಕೆ ಹೊಂದಿಕೊಂಡಿರುವುದು (ಈ ಮೂರರಲ್ಲಿ ಎರಡು ಸಾಕು), ಶುರುವಾಗಿ ಆರು ತಿಂಗಳಾಗಿರುವುದು: ಇದು ರೋಮ್ 4 ಮಾನದಂಡ. ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ರಕ್ತ ಇದ್ದರೆ ಐಬಿಎಸ್ ಎಂದು ಮುಚ್ಚಿಹಾಕುವಂತಿಲ್ಲ; ಮಲದ ಕ್ಯಾಲ್‌ಪ್ರೊಟೆಕ್ಟಿನ್ ನೋಡಿದರೆ ಕರುಳಿನ ಉರಿಯೂತದ ಸುಳಿವು ಸಿಗುತ್ತದೆ. ಗೋಧಿ ಒಗ್ಗದ ಸೀಲಿಯಾಕ್ ಅನುಮಾನವಿದ್ದರೆ ಗೋಧಿ ತಿನ್ನುತ್ತಿರುವಾಗಲೇ ಟಿಟಿಜಿ ಐಜಿಎ ರಕ್ತಪರೀಕ್ಷೆ ಮಾಡಿಸಬೇಕು, ಬಿಟ್ಟು ತಿಂಗಳಾದ ಮೇಲೆ ಮಾಡಿಸಿದರೆ ನೆಗೆಟಿವ್ ಬಂದೀತು. ಹಾಲು ಒಗ್ಗದವರಿಗೆ ಎರಡು ವಾರ ಹಾಲು ಬಿಟ್ಟು ನೋಡುವುದೇ ಸುಲಭ.

ಕೊನೆಗೆ ಕೊಲೊನೋಸ್ಕೋಪಿ, ಗುದದ್ವಾರದಿಂದ ಸ್ಕೋಪ್ ಹಾಕಿ ದೊಡ್ಡ ಕರುಳನ್ನು ನೋಡುವುದು. ಇಲ್ಲಿ ತಯಾರಿಯೇ ಅರ್ಧ ಪರೀಕ್ಷೆ. ಎರಡು ಮೂರು ದಿನ ಮೊದಲಿನಿಂದ ಕೆಂಪಕ್ಕಿ, ಸೊಪ್ಪು, ಕಳಲೆ, ಸೀಬೆ, ಟೊಮೆಟೊ ಬೀಜ ಬೇಡ. ಬಿಳಿ ಅನ್ನ, ಸೋಸಿದ ತಿಳಿಸಾರು ಸಾಕು. ಬೀಜ, ನಾರು ಸ್ಕೋಪಿನ ಹೀರುನಳಿಕೆಯಲ್ಲಿ ಕಟ್ಟಿಕೊಳ್ಳುತ್ತವೆ. ಹಿಂದಿನ ದಿನ ಎಳನೀರು, ಸೋಸಿದ ನಿಂಬೆ ಪಾನಕದಂಥ ತಿಳಿದ್ರವ ಮಾತ್ರ. ಮುರುಗಲ ಶರಬತ್ತು, ಬೀಟ್‌ರೂಟ್ ಬೇಡವೇ ಬೇಡ, ಕರುಳಿನಲ್ಲಿ ಕೆಂಪು ಉಳಿದರೆ ರಕ್ತವೋ ಶರಬತ್ತೋ ತಿಳಿಯುವುದಿಲ್ಲ. ಕಬ್ಬಿಣದ ಮಾತ್ರೆ ಒಂದು ವಾರ ಮುಂಚೆಯೇ ನಿಲ್ಲಬೇಕು. ಭೇದಿಯ ದ್ರಾವಣ 2 ಲೀಟರಿನದಾದರೆ ಒಂದು ಲೀಟರ್ ಹಿಂದಿನ ಸಂಜೆ, ಇನ್ನೊಂದು ಪರೀಕ್ಷೆಗೆ 4ರಿಂದ 6 ಗಂಟೆ ಮುಂಚೆ ಶುರುಮಾಡಿ 2 ಗಂಟೆ ಮುಂಚೆ ಮುಗಿಸಬೇಕು. ಎಲ್ಲವನ್ನೂ ಸಂಜೆಯೇ ಕುಡಿದು ಮಲಗಿದರೆ ರಾತ್ರಿ ಸಣ್ಣ ಕರುಳಿನಿಂದ ಇಳಿದ ಪಿತ್ತದ ಪದರ ದೊಡ್ಡ ಕರುಳಿನ ಬಲಭಾಗವನ್ನು ಮುಚ್ಚುತ್ತದೆ, ಸಣ್ಣ ಪಾಲಿಪ್‌ಗಳು ತಪ್ಪುವುದು ಅಲ್ಲೇ. ಕೊನೆಗೆ ಹೋಗುವುದು ತಿಳಿಹಳದಿ ನೀರಿನಂತಿರಬೇಕು. ಕಂದು ಇದ್ದರೆ ಹೊರಡುವ ಮುಂಚೆ ಫೋನ್ ಮಾಡಿ ಕೇಳಬೇಕು. ಆಗುಂಬೆ, ಹೊಸನಗರದ ಕಡೆಯವರು ಬೆಳಗಿನ ಜಾವ ದ್ರಾವಣ ಕುಡಿದು ಬಸ್ಸು ಹತ್ತುವುದು ಆಗದ ಹೋಗದ ಮಾತು. ಮಧ್ಯಾಹ್ನದ ಹೊತ್ತು ಕೇಳಿ ಪಡೆಯಬೇಕು, ಇಲ್ಲವೇ ಹಿಂದಿನ ರಾತ್ರಿ ಪೇಟೆಯಲ್ಲೇ ನಂಟರ ಮನೆ ಹಿಡಿಯಬೇಕು.

ಮಲದ್ವಾರದ ರಕ್ತವನ್ನೆಲ್ಲ ಮೂಲವ್ಯಾಧಿ ಎಂದು ಬಸ್‌ಸ್ಟ್ಯಾಂಡಿನ ಬೋರ್ಡು ನೋಡಿ ಚಿಕಿತ್ಸೆಗೆ ಹೋಗುವವರು ಮೊದಲು ಬೆರಳಿನ ಪರೀಕ್ಷೆ ಮಾಡಿಸಿಕೊಳ್ಳಬೇಕು. ನೋವಿಲ್ಲದೆ ತೊಟ್ಟಿಕ್ಕುವ ಅಚ್ಚ ಕೆಂಪು ರಕ್ತ ಮೂಲವ್ಯಾಧಿಯದಿರಬಹುದು, ಕೊಯ್ದಂತೆ ನೋಯುವುದು ಬಿರುಕಿನದು, ಆದರೆ ಗುದನಾಳದ ಗಡ್ಡೆಯೂ ಹೀಗೇ ರಕ್ತ ಸುರಿಸುತ್ತದೆ, ಮತ್ತು ಅದು ಹಲವು ಸಲ ಬೆರಳಿಗೇ ಸಿಗುತ್ತದೆ. ಬಯಾಪ್ಸಿ ತೆಗೆದಿದ್ದರೆ ರಿಪೋರ್ಟ್ ಬರುವುದು ಕೆಲವು ದಿನ ಬಿಟ್ಟು; ಎಂಡೋಸ್ಕೋಪಿಯ ಬಣ್ಣದ ಚಿತ್ರದ ಕಾಗದ ಕೈಗೆ ಸಿಕ್ಕಿತೆಂದು ಬಯಾಪ್ಸಿ ರಿಪೋರ್ಟನ್ನು ಮರೆಯಬಾರದು. ಚೂರು ತೆಗೆದ ದಿನವೇ ಚೀಟಿಯ ನಂಬರನ್ನೂ ಬರಬೇಕಾದ ತಾರೀಖನ್ನೂ ಬರೆಸಿಕೊಂಡು ಹೊರಡಬೇಕು.